ದಿ ಸಿಸ್ಟರ್ಸ್ ಆಫ್ ಮರ್ಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಬ್ಯಾಂಡ್ ಯಾರದು, ಎಲ್ಲಿಯದು?

ಇದು ಇಂಗ್ಲೆಂಡಿನ ಉತ್ತರ ಭಾಗದ ಲೀಡ್ಸ್ ನಗರದ ರಾಕ್ ಬ್ಯಾಂಡ್. 1980ರಲ್ಲಿ ಆಂಡ್ರ್ಯೂ ಎಲ್ಡ್ರಿಚ್ ಮತ್ತು ಗ್ಯಾರಿ ಮಾರ್ಕ್ಸ್ ಸೇರಿ ಕಟ್ಟಿದರು. ಎರಡೂ ವೇದಿಕೆಗಾಗಿ ಇಟ್ಟುಕೊಂಡ ಹೆಸರುಗಳು. ಎಲ್ಡ್ರಿಚ್ ಆಕ್ಸ್‌ಫರ್ಡ್‌ನಲ್ಲಿ ಫ್ರೆಂಚ್ ಮತ್ತು ಜರ್ಮನ್ ಓದುತ್ತಿದ್ದವರು. ಅದನ್ನು ಅರ್ಧಕ್ಕೆ ಬಿಟ್ಟು ಚೀನೀ ಭಾಷೆ ಕಲಿಯಲು ಲೀಡ್ಸ್‌ಗೆ ಬಂದರು, ಆ ಓದನ್ನೂ ಮುಗಿಸಲಿಲ್ಲ. ಆಗ ಲೀಡ್ಸ್‌ನಲ್ಲಿ ಜಾನ್ ಕೀನನ್ ನಡೆಸುತ್ತಿದ್ದ ಎಫ್ ಕ್ಲಬ್ ಎಂಬ ಜಾಗವಿತ್ತು. ಊರಿನ ಪಂಕ್ (ಒರಟು, ಬಂಡಾಯದ ರಾಕ್) ಹುಡುಗರೆಲ್ಲ ಸೇರುತ್ತಿದ್ದದ್ದು ಅಲ್ಲೇ, ಈ ಬ್ಯಾಂಡಿನವರ ಪರಿಚಯ ಬೆಳೆದದ್ದೂ ಅಲ್ಲೇ.

ಮೊದಲ ಸಿಂಗಲ್ (ಒಂದು ಮುಖ್ಯ ಹಾಡಿನ ಸಣ್ಣ ರೆಕಾರ್ಡ್) 'ದ ಡ್ಯಾಮೇಜ್ ಡನ್' 1980ರಲ್ಲಿ ಅವರದೇ ಲೇಬಲ್, ಅಂದರೆ ರೆಕಾರ್ಡ್ ಸಂಸ್ಥೆ, ಮರ್ಸಿಫುಲ್ ರಿಲೀಸ್ ಮೂಲಕ ಬಂತು, ಒತ್ತಿಸಿದ್ದು 1000 ಪ್ರತಿ. ಅದರಲ್ಲಿ ಡ್ರಮ್ಸ್ ಬಾರಿಸಿದವರು ಸ್ವತಃ ಎಲ್ಡ್ರಿಚ್. ಆದರೆ ಬ್ಯಾಂಡ್ ತನ್ನ ಹುಟ್ಟುಹಬ್ಬ ಎಂದು ಎಣಿಸುವುದು ಆ ದಿನವನ್ನಲ್ಲ. 1981ರ ಫೆಬ್ರವರಿ 16ರಂದು ಯಾರ್ಕ್ ವಿಶ್ವವಿದ್ಯಾಲಯದ ಆಲ್ಕ್ವಿನ್ ಕಾಲೇಜಿನಲ್ಲಿ ಮಾಡಿದ ಶೋವನ್ನು. ಅಷ್ಟರಲ್ಲಿ ಎಲ್ಡ್ರಿಚ್ ಡ್ರಮ್ಸ್ ಬಿಟ್ಟು ಮೈಕ್ ಹಿಡಿದಿದ್ದರು, ಕ್ರೇಗ್ ಆಡಮ್ಸ್ ಬೇಸ್‌ಗೆ (ಮಂದ್ರ ಸ್ವರದ ಗಿಟಾರ್) ಬಂದಿದ್ದರು, ಡ್ರಮ್ಸ್ ಕೆಲಸ ಯಂತ್ರದ ಪಾಲಾಗಿತ್ತು.

ಹೆಸರು ಎಲ್ಲಿಂದ ಬಂತು? ಆ ಲಾಂಛನದಲ್ಲಿರುವುದು ಏನು?

ಹೆಸರು ಗಾಯಕ, ಕವಿ ಲಿಯೊನಾರ್ಡ್ ಕೋಹೆನ್ ಅವರ ಹಾಡಿನಿಂದ. ಲಾಂಛನದಲ್ಲಿರುವ ತಲೆಯ ಚಿತ್ರ 'ಗ್ರೇಸ್ ಅನಾಟಮಿ' ಎಂಬ ವೈದ್ಯಕೀಯ ಪಠ್ಯದಿಂದ ತೆಗೆದದ್ದು, ಅದರ ಹಿಂದೆ ಐದು ಮೂಲೆಯ ನಕ್ಷತ್ರ. ಅದು ಮಾಟಮಂತ್ರದ ಗುರುತಲ್ಲ.

ಡಾಕ್ಟರ್ ಅವಲಾಂಚ್ ಯಾರು? ಸಂದರ್ಶನದಲ್ಲಿ ಯಾಕೆ ಕಾಣಿಸುವುದೇ ಇಲ್ಲ?

ಅದು ಮನುಷ್ಯನಲ್ಲ, ಡ್ರಮ್ ಮಷೀನ್. ರೆಕಾರ್ಡ್ ಕವರ್‌ಗಳ ಮೇಲೆ ಉಳಿದ ವಾದಕರ ಜೊತೆ ಅದರ ಹೆಸರನ್ನೂ ಹಾಕುತ್ತಾರೆ. ಬ್ಯಾಂಡಿನಿಂದ ಎಷ್ಟೋ ಮಂದಿ ಬಂದುಹೋಗಿದ್ದಾರೆ. 1981ರಿಂದ ಇಂದಿನವರೆಗೂ ಬಿಡದೆ ಇರುವುದು ಎಲ್ಡ್ರಿಚ್ ಮತ್ತು ಈ ಡಾಕ್ಟರ್ ಮಾತ್ರ. ಹೆಸರು ಅದೇ ಇದ್ದರೂ ಪೆಟ್ಟಿಗೆ ಬದಲಾಗುತ್ತಾ ಬಂದಿದೆ.

ಮೊದಲನೆಯದು ಬಾಸ್ ಕಂಪನಿಯ ಡಿಆರ್-55, ಅದರ ಮಾರಾಟದ ಹೆಸರೇ 'ಡಾಕ್ಟರ್ ರಿದಮ್'. ಅದರಲ್ಲಿದ್ದದ್ದು ಬೇಸ್ ಡ್ರಮ್ (ಕೆಳಗಿನ ದೊಡ್ಡ ಡ್ರಮ್), ಸ್ನೇರ್ (ಚಟ್ ಎನ್ನುವ ಡ್ರಮ್), ರಿಮ್‌ಶಾಟ್ (ಡ್ರಮ್ ಅಂಚಿನ ಪೆಟ್ಟು), ಹೈ-ಹ್ಯಾಟ್ (ಜೋಡಿ ತಾಳ), ಹೀಗೆ ನಾಲ್ಕೇ ಸದ್ದು. ಒಂದು ಆವರ್ತವನ್ನು 16 ಮನೆಗಳಾಗಿ ಒಡೆದು, ಒಂದೊಂದು ಮನೆಗೂ ಗುಂಡಿ ಒತ್ತಿ 'ಪೆಟ್ಟು' ಅಥವಾ 'ಖಾಲಿ' ಎಂದು ತುಂಬಬೇಕು. ಹೈ-ಹ್ಯಾಟನ್ನು ನಮಗೆ ಬೇಕಾದಲ್ಲಿ ಇಡಲು ಬರುವುದಿಲ್ಲ, 8 ಅಥವಾ 16 ಎಂದು ಸ್ವಿಚ್ ತಿರುಗಿಸಿದರೆ ಅದು ತನ್ನಷ್ಟಕ್ಕೆ ಟಿಕ್ ಟಿಕ್ ಎನ್ನುತ್ತಾ ಹೋಗುತ್ತದೆ. ಒಂದು ತಪ್ಪು ಒತ್ತಿದರೆ ಎಣಿಕೆ ಜಾರುತ್ತದೆ, ಮತ್ತೆ ಮೊದಲಿನಿಂದ ತುಂಬಬೇಕು.

ಈ ಬ್ಯಾಂಡಿನ ಇಡೀ ಸಂಗೀತದ ಬೀಜ ಈ ಇಕ್ಕಟ್ಟಿನಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಯಂತ್ರ ಉತ್ಸಾಹದಲ್ಲಿ ಓಡುವುದಿಲ್ಲ, ದಣಿದು ನಿಧಾನವಾಗುವುದಿಲ್ಲ, ಪಲ್ಲವಿ ಬಂತೆಂದು ಜೋರಾಗಿ ಬಡಿಯುವುದೂ ಇಲ್ಲ. ಹಾಗಾಗಿ ಏರಿಳಿತವನ್ನೆಲ್ಲ ಗಿಟಾರ್, ಬೇಸ್, ಕಂಠ ಹೊರಬೇಕಾಯಿತು. ಕೆಳಗೆ ಕದಲದ ಲಯ, ಮೇಲೆ ಕದಲುವ ಮನುಷ್ಯರು: ಆ ಹಾಡುಗಳ ವಿಷಾದ ಹುಟ್ಟುವುದು ಇಲ್ಲಿಂದಲೇ ಹೊರತು ಕಪ್ಪು ಬಟ್ಟೆಯಿಂದಲ್ಲ.

ಡಿಆರ್-55ರ ನಂತರ ರೋಲಂಡ್ ಟಿಆರ್-606, ಸ್ವಲ್ಪ ಕಾಲ ಟಿಆರ್-808, ಆಮೇಲೆ ಒಬರ್‌ಹೈಮ್ ಡಿಎಂಎಕ್ಸ್ ಬಂದವು. ಡಿಎಂಎಕ್ಸ್ ಬಂದದ್ದು ದೊಡ್ಡ ತಿರುವು. ರೋಲಂಡ್ ಯಂತ್ರಗಳು ಸದ್ದನ್ನು ಸರ್ಕ್ಯೂಟ್‌ನಿಂದ ಹುಟ್ಟಿಸುತ್ತಿದ್ದವು, ಡಿಎಂಎಕ್ಸ್‌ನಲ್ಲಿ ನಿಜವಾದ ಡ್ರಮ್ಸ್‌ನ ಧ್ವನಿಮುದ್ರಣ ಚಿಪ್‌ಗಳಲ್ಲಿತ್ತು. ಹಾಗಾಗಿ 1985ರ ಆಲ್ಬಂನ ಸ್ನೇರ್ ತೂಕವಾಗಿ ಕೇಳಿದರೆ, 1982ರ ಸಿಂಗಲ್‌ಗಳದ್ದು ತಗಡಿನ ಹಾಗೆ ಕೇಳುತ್ತದೆ.

ಇವರ ಹಾಡನ್ನು ಕಿವಿಯಲ್ಲೇ ಗುರುತಿಸುವುದು ಹೇಗೆ?

ಮೊದಲು ಬೇಸ್ ಕೇಳಿ. ಕ್ರೇಗ್ ಆಡಮ್ಸ್ ಬೇಸನ್ನು ಬೆರಳಲ್ಲಿ ಮೃದುವಾಗಿ ಮೀಟುವವರಲ್ಲ. ಒರಟು ಸದ್ದಿನಲ್ಲಿ ಎಂಟೆಂಟು ಪೆಟ್ಟನ್ನು ಒಂದೇ ಸಮ ಹೊಡೆಯುತ್ತಾ ಹೋಗುತ್ತಾರೆ. ಡ್ರಮ್ಸ್ ಯಂತ್ರ ತೆಳುವಾಗಿದ್ದುದರಿಂದ ಹಾಡನ್ನು ಮುಂದೆ ತಳ್ಳುವ ಹೊಣೆ ಬೇಸ್‌ಗೆ ಬಿತ್ತು, ಅನೇಕ ಕಡೆ ರಾಗದ ಎಳೆಯೂ ಅದರಲ್ಲೇ ಇದೆ.

ಆಮೇಲೆ ಗಿಟಾರ್‌ಗಳು. ಗ್ಯಾರಿ ಮಾರ್ಕ್ಸ್ ತಂತಿಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವ ಸರಳ ಎಳೆಗಳನ್ನು ಕೊಟ್ಟರು. 1983ರ ಕೊನೆಗೆ ಇನ್ನೊಬ್ಬ ಗಿಟಾರ್ ವಾದಕ ಬೆನ್ ಗನ್ ಜಾಗಕ್ಕೆ ಬಂದ ವೇನ್ ಹಸ್ಸಿ 12 ತಂತಿಯ ಗಿಟಾರ್ ತಂದರು. ಅದರಲ್ಲಿ ಪ್ರತಿ ತಂತಿಗೂ ಜೋಡಿಯಿದೆ, ಜೋಡಿಗಳ ನಡುವಿನ ಕೂದಲೆಳೆಯ ವ್ಯತ್ಯಾಸದಿಂದ ಸದ್ದು ಮಿನುಗುತ್ತದೆ. 'ಬಾಡಿ ಆಂಡ್ ಸೋಲ್', 'ವಾಕ್ ಅವೇ' ಹಾಡುಗಳು ಮುಂಚಿನವಕ್ಕಿಂತ ಹೆಚ್ಚು ಹೊಳೆಯುವುದು ಇದಕ್ಕೇ.

ಕೊನೆಗೆ ಕಂಠ. ಎಲ್ಡ್ರಿಚ್ ಹಾಡುವುದು ಮಂದ್ರದಲ್ಲಿ, ಮೈಕ್‌ಗೆ ಹತ್ತಿರ. ಕೂಗುವುದು ಅಪರೂಪ, ಹಾಗಾಗಿ ಕೂಗಿದಾಗ ಅದಕ್ಕೆ ಬೆಲೆ. ಸಾಹಿತ್ಯದಲ್ಲಿ ಶ್ಲೇಷೆ, ಶೀತಲ ಸಮರದ ರಾಜಕೀಯ, ಮಾದಕ ವಸ್ತು, ಮುರಿದ ಸಂಬಂಧ ತುಂಬಿವೆ. ರಕ್ತಪಿಶಾಚಿ, ಸ್ಮಶಾನಗಳನ್ನು ಹುಡುಕಿ ಹೋದರೆ ಸಿಗುವುದು ಬಹಳ ಕಡಿಮೆ. 'ಮೇರಿಯನ್' ಹಾಡಿನ ಒಂದು ಚರಣ ಪೂರ್ತಿ ಜರ್ಮನ್ ಭಾಷೆಯಲ್ಲಿದೆ.

'ದ ರೆಪ್ಟೈಲ್ ಹೌಸ್' ಯಾಕೆ ಅಷ್ಟು ನಿಧಾನ?

ಬೇಕೆಂದೇ ಹಾಗೆ ಮಾಡಿದ್ದು. 1982ರ 'ಆಲಿಸ್' ವೇಗದ, ಕುಣಿಸುವ ಹಾಡು. ಸೈಕೆಡೆಲಿಕ್ ಫರ್ಸ್ ಬ್ಯಾಂಡಿನ ಜಾನ್ ಆಶ್ಟನ್ ಅದನ್ನು ನಿರ್ಮಿಸಿದ್ದರು, ಕ್ಲಬ್‌ಗಳಲ್ಲಿ ಚೆನ್ನಾಗಿ ಓಡಿತು. ಜನ ಅಂಥದ್ದೇ ಇನ್ನೊಂದನ್ನು ನಿರೀಕ್ಷಿಸುತ್ತಿದ್ದಾಗ 1983ರಲ್ಲಿ ಐದು ಹಾಡುಗಳ ಈ ಇ.ಪಿ. (ಆಲ್ಬಂಗಿಂತ ಚಿಕ್ಕ ರೆಕಾರ್ಡ್) ಬಂತು, ಎಲ್ಲವೂ ತೆವಳುವ ವೇಗದಲ್ಲಿ. ಮೊದಲ ಹಾಡಿನ ತುಣುಕು ಕೊನೆಯಲ್ಲಿ ಮತ್ತೆ ಬರುತ್ತದೆ, ಆದ್ದರಿಂದ ಹಾಡುಗಳ ಕ್ರಮ ಬದಲಿಸಿ ಕೇಳಬೇಡಿ. ಹೊಸಬರು ಇದರಿಂದ ಶುರು ಮಾಡುವುದು ಬೇಡ, ಆದರೆ ನಮ್ಮ ಲೆಕ್ಕದಲ್ಲಿ ಆರಂಭದ ವರ್ಷಗಳ ಅತ್ಯುತ್ತಮ ಕೆಲಸ ಇದೇ.

1985ರಲ್ಲಿ ಬ್ಯಾಂಡ್ ಒಡೆದದ್ದು ಹೇಗೆ? 'ದ ಸಿಸ್ಟರ್‌ಹುಡ್' ಎಂದರೆ ಬೇರೆ ಬ್ಯಾಂಡೇ?

1984ರಲ್ಲಿ ಡಬ್ಲ್ಯುಇಎ ಎಂಬ ರೆಕಾರ್ಡ್ ಕಂಪನಿಯ ಜೊತೆ ಒಪ್ಪಂದವಾಯಿತು. 1985ರ ಮಾರ್ಚ್‌ನಲ್ಲಿ ಮೊದಲ ಆಲ್ಬಂ 'ಫಸ್ಟ್ ಆಂಡ್ ಲಾಸ್ಟ್ ಆಂಡ್ ಆಲ್ವೇಸ್' ಬಂದು ಬ್ರಿಟನ್ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು. ಬಿಡುಗಡೆಯಾದ ತಿಂಗಳೊಳಗೆ ಗ್ಯಾರಿ ಮಾರ್ಕ್ಸ್ ಹೊರನಡೆದರು. ಜೂನ್ 18ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಉಳಿದವರು ನುಡಿಸಿದ ಶೋ 'ವೇಕ್' ಎಂಬ ವಿಡಿಯೊ ಆಗಿ ಬಂದಿದೆ. ಮುಂದಿನ ಆಲ್ಬಂ ಹೇಗಿರಬೇಕೆಂಬ ವಿಷಯದಲ್ಲಿ ಹೊಂದಿಕೆಯಾಗದೆ ಹಸ್ಸಿ ಮತ್ತು ಆಡಮ್ಸ್ ಕೂಡ ಅದೇ ವರ್ಷ ಬಿಟ್ಟರು.

ಜಗಳ ಶುರುವಾದದ್ದು ಆಮೇಲೆ. ಬಿಟ್ಟುಹೋದ ಇಬ್ಬರೂ ತಮ್ಮ ಹೊಸ ಬ್ಯಾಂಡನ್ನು 'ದ ಸಿಸ್ಟರ್‌ಹುಡ್' ಎಂದು ಕರೆದುಕೊಂಡರು. ಆದರೆ ಆ ಇಬ್ಬರಿಗಿಂತ ಮುಂಚೆ ಎಲ್ಡ್ರಿಚ್ ಅದೇ ಹೆಸರಿನಲ್ಲಿ, 1986ರ ಜನವರಿಯಲ್ಲಿ, 'ಗಿವಿಂಗ್ ಗ್ರೌಂಡ್' ಸಿಂಗಲ್ ಹೊರತಂದರು. ಆ ಹೆಸರಲ್ಲಿ ಮೊದಲು ರೆಕಾರ್ಡ್ ತಂದವರೇ ಗೆದ್ದಂತಾಯಿತು. ಹಸ್ಸಿ, ಆಡಮ್ಸ್ ತಮ್ಮ ಬ್ಯಾಂಡನ್ನು 'ದ ಮಿಷನ್' ಎಂದು ಕರೆದರು, ಅದು ತನ್ನ ದಾರಿಯಲ್ಲಿ ದೊಡ್ಡದಾಗಿ ಬೆಳೆಯಿತು. ಎಲ್ಡ್ರಿಚ್ ಅದೇ ವರ್ಷ 'ಗಿಫ್ಟ್' ಎಂಬ ಆಲ್ಬಂ ಕೂಡ ತಂದರು. ಸ್ಯೂಸೈಡ್ ಬ್ಯಾಂಡಿನ ಆಲನ್ ವೇಗಾ, ಜೇಮ್ಸ್ ರೇ, ಪೆಟ್ರೀಷಿಯಾ ಮಾರಿಸನ್ ಅದರಲ್ಲಿ ಪಾಲ್ಗೊಂಡಿದ್ದಾರೆ. 'ಗಿಫ್ಟ್' ಎಂದರೆ ಜರ್ಮನ್ ಭಾಷೆಯಲ್ಲಿ ವಿಷ. ಎಲ್ಡ್ರಿಚ್ ಹಾಡಿದ ಆಲ್ಬಂ ಎಂದುಕೊಂಡು ಕೊಂಡರೆ ನಿರಾಶೆಯಾಗುತ್ತದೆ, ಅದರಲ್ಲಿ ಮುಖ್ಯ ಕಂಠ ಅವರದ್ದಲ್ಲ.

'ಫ್ಲಡ್‌ಲ್ಯಾಂಡ್' ಯಾಕೆ ಸಿನಿಮಾದಷ್ಟು ದೊಡ್ಡದಾಗಿ ಕೇಳುತ್ತದೆ?

1987ರ ಈ ಆಲ್ಬಂ ಹಾಗೆ ಕೇಳಲು ನಿರ್ಮಾಪಕ ಜಿಮ್ ಸ್ಟೈನ್‌ಮನ್ ಕಾರಣ. ರಾಕ್ ಗಾಯಕ ಮೀಟ್ ಲೋಫ್‌ಗೆ ಹಾಡು ಬರೆದ ಈ ಅಮೆರಿಕನ್‌ಗೆ ಯಾವುದನ್ನೂ ಸಣ್ಣದಾಗಿ ಮಾಡಿ ಗೊತ್ತಿರಲಿಲ್ಲ. 'ದಿಸ್ ಕರೋಷನ್' ಹಾಡಿಗೆ 40 ಜನರ ಗಾಯಕವೃಂದ ಹಾಡಿತು, ಆಲ್ಬಂನಲ್ಲಿ ಅದು ಹತ್ತಿರ ಹತ್ತಿರ 11 ನಿಮಿಷ ನಡೆಯುತ್ತದೆ. 1987ರಲ್ಲಿ ಸಿಂಗಲ್ ಆಗಿ ಬಂದು ಬ್ರಿಟನ್ನಿನಲ್ಲಿ 7ನೇ ಸ್ಥಾನ ಪಡೆಯಿತು. ಸ್ಟೈನ್‌ಮನ್ ಕೈಯಾಡಿಸಿದ ಇನ್ನೊಂದು ಹಾಡು 'ಡಾಮಿನಿಯನ್', ಅದರ ವಿಡಿಯೊ ಚಿತ್ರೀಕರಣ ಜೋರ್ಡಾನಿನ ಪೆಟ್ರಾದಲ್ಲಿ ನಡೆಯಿತು.

ಆದರೆ ಇಡೀ ಆಲ್ಬಂ ಆ ಗಾತ್ರದ್ದಲ್ಲ. '1959' ಹಾಡಿನಲ್ಲಿ ಪಿಯಾನೊ ಮತ್ತು ಕಂಠ ಬಿಟ್ಟರೆ ಏನೂ ಇಲ್ಲ (ಅದು ಎಲ್ಡ್ರಿಚ್ ಹುಟ್ಟಿದ ವರ್ಷ). 'ಲುಕ್ರೀಷಿಯಾ ಮೈ ರಿಫ್ಲೆಕ್ಷನ್' ಬೇಸ್‌ನ ಒಂದೇ ತುಣುಕಿನ ಮೇಲೆ ನಿಂತಿದೆ. ಹೆಡ್‌ಫೋನ್ ಹಾಕಿಕೊಂಡು ಆ ಬೇಸನ್ನೇ ಹಿಂಬಾಲಿಸಿ, ಅದು ಪಟ್ಟು ಬಿಡದೆ ಸುತ್ತುತ್ತಿರುವಾಗ ಉಳಿದ ಸದ್ದುಗಳು ಒಂದೊಂದಾಗಿ ಬಂದು ಸೇರುತ್ತಾ, ಸರಿಯುತ್ತಾ ಹೋಗುವುದು ಗೊತ್ತಾಗುತ್ತದೆ. ಸ್ವರಮೇಳ ಬದಲಿಸದೆ ಬರೀ ಸೇರಿಸಿ ಕಳೆದು ಹಾಡು ಕಟ್ಟುವ ಕಲೆಗೆ ಇದಕ್ಕಿಂತ ಒಳ್ಳೆಯ ಪಾಠ ರಾಕ್‌ನಲ್ಲಿ ಸಿಗುವುದು ಕಷ್ಟ.

'ವಿಷನ್ ಥಿಂಗ್' ಗಾತಿಕ್ಕೋ, ಹಾರ್ಡ್ ರಾಕೋ?

ಗಾತಿಕ್ ಎಂದರೆ ಕತ್ತಲು, ವಿಷಾದದ ಛಾಯೆಯ ರಾಕ್; ಹಾರ್ಡ್ ರಾಕ್ ಎಂದರೆ ಜೋರು ಗಿಟಾರಿನದ್ದು. ಇದು ಹಾರ್ಡ್ ರಾಕ್, ಅನುಮಾನವಿಲ್ಲ. 1990ರ ಈ ಆಲ್ಬಂನಲ್ಲಿ ಕೀಬೋರ್ಡ್ ಹಿಂದೆ ಸರಿದು ಆಂಡ್ರಿಯಾಸ್ ಬ್ರೂನ್ ಅವರ ಗಿಟಾರ್ ಮುಂದೆ ಬಂತು. ಹೆಸರು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಸೀನಿಯರ್ ಆಡಿದ ಮಾತಿನಿಂದ ಬಂದದ್ದು, ಸಿಟ್ಟೂ ಆ ಕಾಲದ ಅಮೆರಿಕದ ಮೇಲೆಯೇ. 1991ರಲ್ಲಿ ರಾಪ್ ಗುಂಪು ಪಬ್ಲಿಕ್ ಎನಿಮಿ ಜೊತೆ ಅಮೆರಿಕ ಪ್ರವಾಸ ಹೊರಟರು, ಅದು ನಡುವೆಯೇ ನಿಂತಿತು.

'ಟೆಂಪಲ್ ಆಫ್ ಲವ್' ಎರಡು ಯಾಕಿವೆ? ಯಾವುದು ಕೇಳಬೇಕು?

ಮೊದಲನೆಯದು 1983ರದ್ದು, ಸ್ವಂತ ಲೇಬಲ್‌ನಲ್ಲಿ ಬಂದದ್ದು. 1992ರಲ್ಲಿ ಹಳೆಯ ಹಾಡುಗಳ ಸಂಕಲನ 'ಸಮ್ ಗರ್ಲ್ಸ್ ವಾಂಡರ್ ಬೈ ಮಿಸ್ಟೇಕ್' ಹೊರಡುವಾಗ ಅದನ್ನು ಮತ್ತೆ ಮುದ್ರಿಸಿದರು. ಯೆಮೆನ್ ಮೂಲದ ಇಸ್ರೇಲಿ ಗಾಯಕಿ ಓಫ್ರಾ ಹಾಜಾ ಅದಕ್ಕೆ ಕಂಠ ಸೇರಿಸಿದರು, ಹಾಡು 3ನೇ ಸ್ಥಾನಕ್ಕೇರಿತು. ಬ್ಯಾಂಡಿನ ಸಿಂಗಲ್‌ಗಳಲ್ಲಿ ಅದಕ್ಕಿಂತ ಮೇಲೆ ಹೋದದ್ದು ಇಲ್ಲ. 1992ರದ್ದು ಭವ್ಯವಾಗಿದೆ, ಒಪ್ಪುತ್ತೇವೆ. ಆದರೆ ಯಂತ್ರ, ಬೇಸ್, ಗಿಟಾರ್ ಮೂರೂ ಒಂದರ ಮೇಲೊಂದು ಬಿದ್ದು ಓಡುವ 1983ರ ಉದ್ದನೆಯ ಆವೃತ್ತಿಯಲ್ಲಿರುವ ಅಪಾಯ ಅದರಲ್ಲಿಲ್ಲ.

ಎಲ್ಡ್ರಿಚ್ ತಮ್ಮನ್ನು ಗಾತ್ ಎಂದು ಒಪ್ಪುವುದಿಲ್ಲ. ಹಾಗಿದ್ದರೆ ನಾವು ಹೇಗೆ ಕರೆಯುವುದು?

ಅವರು ತಮ್ಮನ್ನು ಬರೀ ರಾಕ್ ಬ್ಯಾಂಡ್ ಎನ್ನುತ್ತಾರೆ. ದ ಸ್ಟೂಜಸ್, ಸ್ಯೂಸೈಡ್ ಬ್ಯಾಂಡ್‌ಗಳನ್ನು ಕೇಳಿ ಬೆಳೆದವರು ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ಆದರೆ 80ರ ದಶಕದ ನಂತರ ಬಂದ ಗಾತಿಕ್ ಬ್ಯಾಂಡ್‌ಗಳಲ್ಲಿ ಡ್ರಮ್ ಮಷೀನ್, ಮಂದ್ರ ಕಂಠ, ಹೊಗೆ ತುಂಬಿದ ವೇದಿಕೆ ಇಷ್ಟೊಂದು ಹರಡಲು ಇವರೇ ಕಾರಣ. ಇತಿಹಾಸ ಬರೆಯುವಾಗ ಗಾತಿಕ್ ರಾಕ್ ಎಂದರೆ ಸರಿಯೇ.

ಇಂಥ ಸದ್ದನ್ನು ಮನೆಯಲ್ಲಿ ಕಟ್ಟುವುದು ಹೇಗೆ?

ದುಬಾರಿ ಹಳೆಯ ಯಂತ್ರ ಬೇಡ. ಲ್ಯಾಪ್‌ಟಾಪ್‌ನಲ್ಲಿರುವ ಯಾವುದೇ ಡ್ರಮ್ ತಂತ್ರಾಂಶ, ಒಂದು ಬೇಸ್, ಒಂದು ಗಿಟಾರ್, ಕೋರಸ್ (ಒಂದು ಸದ್ದನ್ನು ಹಲವಾದಂತೆ ಅಲುಗಿಸುವ ಪರಿಣಾಮ) ಮತ್ತು ಡಿಲೇ (ಸದ್ದನ್ನು ತಡವಾಗಿ ಮರುಕಳಿಸುವ ಪರಿಣಾಮ) ಇದ್ದರೆ ಸಾಕು.

ಲಯದಿಂದ ಶುರು ಮಾಡಿ. ವೇಗ ನಿಮಿಷಕ್ಕೆ 120 ಪೆಟ್ಟು ಇಡಿ. 16 ಮನೆಗಳಲ್ಲಿ ಬೇಸ್ ಡ್ರಮ್ 1, 9, 11ರಲ್ಲಿ, ಸ್ನೇರ್ 5 ಮತ್ತು 13ರಲ್ಲಿ, ಹೈ-ಹ್ಯಾಟ್ ಎಲ್ಲ ಬೆಸ ಮನೆಗಳಲ್ಲಿ. ಪ್ರತಿ ಪೆಟ್ಟಿನ ಜೋರು ಒಂದೇ ಇರಲಿ. ತಂತ್ರಾಂಶದಲ್ಲಿ 'ಮನುಷ್ಯ ನುಡಿಸಿದ ಹಾಗೆ' ಮಾಡುವ ಆಯ್ಕೆ ಇರುತ್ತದೆ, ಅದನ್ನು ಆಫ್ ಮಾಡಿಬಿಡಿ. ನಾಲ್ಕು ನಿಮಿಷ ಇದೇ ಮಾದರಿ ಓಡಲಿ. ಎರಡಾವರ್ತಕ್ಕೊಂದು ಡ್ರಮ್ಸ್ ಉರುಳಿಕೆ (ರೋಲ್) ಸೇರಿಸುವ ಚಪಲ ಎಲ್ಲರಿಗೂ ಬರುತ್ತದೆ, ಸೇರಿಸಿದ ಕೂಡಲೇ ಯಂತ್ರದ ನಿರ್ದಯೆ ಹೋಗಿ ಸಾಧಾರಣ ರಾಕ್ ಆಗುತ್ತದೆ.

ಬೇಸನ್ನು ಪಿಕ್‌ನಲ್ಲಿ (ತಂತಿ ಮೀಟುವ ಬಿಲ್ಲೆ), ಎಲ್ಲವನ್ನೂ ಕೆಳಮುಖವಾಗಿ ಹೊಡೆಯಿರಿ, ಆವರ್ತಕ್ಕೆ 8. ಕಂಪ್ರೆಷನ್ (ಜೋರು ಸದ್ದನ್ನು ತಗ್ಗಿಸಿ ಸಮ ಮಾಡುವುದು) 4:1ರ ಸುಮಾರಿಗೆ, ಸ್ವಲ್ಪ ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವುದು). ಇ ಮೈನರ್ ಅಥವಾ ಎ ಮೈನರ್‌ನಲ್ಲಿದ್ದರೆ ತೆರೆದ ತಂತಿಗಳು ಸಿಗುತ್ತವೆ.

ಗಿಟಾರ್‌ನಲ್ಲಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಬಾರಿಸಬೇಡಿ, ತಂತಿ ಬಿಡಿಸಿ ನುಡಿಸಿ. ತೆರೆದ ಒಂದು ತಂತಿ ತಂಬೂರಿಯ ಶ್ರುತಿಯಂತೆ ನಿರಂತರ ಮೊಳಗುತ್ತಿರಲಿ, ಸ್ವರ ಬದಲಾಗುವುದು ಪಕ್ಕದ ತಂತಿಯಲ್ಲಿ ಮಾತ್ರ. ಡಿಲೇ ಲೆಕ್ಕ ಹೀಗೆ: 60000ವನ್ನು ವೇಗದಿಂದ ಭಾಗಿಸಿದರೆ ಒಂದು ಪೆಟ್ಟಿನ ಮಿಲಿಸೆಕೆಂಡ್ ಸಿಗುತ್ತದೆ, ಅದರ ಮುಕ್ಕಾಲು ಭಾಗವನ್ನು ಡಿಲೇಗೆ ಕೊಡಿ. 120ರ ವೇಗಕ್ಕೆ 375, 132ಕ್ಕೆ 341, 140ಕ್ಕೆ 321. ಮರುಕಳಿಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ.

ಕಂಠಕ್ಕೆ ಮೈಕ್‌ನಿಂದ ಸುಮಾರು 10 ಸೆಂಟಿಮೀಟರ್ ದೂರ. ಒಂದು ದಿಕ್ಕಿನಿಂದ ಹೆಚ್ಚು ಹಿಡಿಯುವ ಮೈಕ್‌ಗಳು ಹತ್ತಿರ ಹೋದಷ್ಟೂ ಮಂದ್ರವನ್ನು ಹಿಗ್ಗಿಸುತ್ತವೆ, ಅದನ್ನು ಬಳಸಿಕೊಳ್ಳಿ. ರಿವರ್ಬ್‌ಗೆ (ಸಭಾಂಗಣದಂಥ ಪ್ರತಿಧ್ವನಿ) 30–40 ಮಿಲಿಸೆಕೆಂಡ್ ಪ್ರೀ-ಡಿಲೇ (ಅದು ಶುರುವಾಗುವ ಮುಂಚಿನ ತಡ) ಇಟ್ಟರೆ ಮಾತು ಮೊದಲು ಸ್ಪಷ್ಟವಾಗಿ ಬಂದು, ಪ್ರತಿಧ್ವನಿ ಹಿಂದಿನಿಂದ ಬರುತ್ತದೆ.

ಎಲ್ಲ ಮಾಡಿದರೂ ಸದ್ದು ಕಲಸಿದ ಹಾಗೆ ಕೇಳುತ್ತದೆ. ಯಾಕೆ?

ಬಹುಪಾಲು ರಿವರ್ಬ್‌ನಿಂದ. ಬೇಸ್ ಡ್ರಮ್‌ಗೂ ಬೇಸ್‌ಗೂ ರಿವರ್ಬ್ ಹಾಕಿದ್ದರೆ ತೆಗೆದುಬಿಡಿ. ಕಂಠ, ಗಿಟಾರ್‌ಗಳ ರಿವರ್ಬ್‌ನಿಂದಲೂ 250 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ. ಬೇಸ್‌ಗೆ ಕೋರಸ್ ಹಾಕಿದ್ದರೆ ಅದರ ಕೆಳಭಾಗ ಅಲುಗಾಡಿ ತೂಕ ಕಳೆದುಕೊಳ್ಳುತ್ತದೆ. ಸಿಗ್ನಲ್ ಎರಡಾಗಿ ಒಡೆದು, ಮೇಲ್ಭಾಗಕ್ಕೆ ಮಾತ್ರ ಕೋರಸ್ ಕೊಡಿ.

ಇನ್ನೊಂದು ತಪ್ಪು ಕಂಠದ್ದು. ಎಲ್ಡ್ರಿಚ್ ಹಾಗೆ ಕೇಳಬೇಕೆಂದು ತಮ್ಮ ಶಾರೀರ ಇಳಿಯದ ಜಾಗಕ್ಕೆ ಇಳಿಯುತ್ತಾರೆ. ಅಲ್ಲಿ ಸ್ವರ ಹೋಗಿ ಬರೀ ಗೊರಗೊರ ಉಳಿಯುತ್ತದೆ. ನಿಮ್ಮ ಅತಿ ಕೆಳಗಿನ ಗಟ್ಟಿ ಸ್ವರ ಯಾವುದೆಂದು ಹುಡುಕಿ, ಅದಕ್ಕಿಂತ ಎರಡು ಸ್ವರ ಮೇಲೆ ರಾಗದ ತಳ ಬರುವಂತೆ ಹಾಡಿನ ಶ್ರುತಿಯನ್ನೇ ಬದಲಿಸಿ.

ಎಲ್ಲಿಂದ ಕೇಳಲು ಶುರು ಮಾಡಲಿ? ಯಾವ ಮುದ್ರಣ ಕೊಳ್ಳಲಿ?

'ಫ್ಲಡ್‌ಲ್ಯಾಂಡ್', ಆಮೇಲೆ 'ಫಸ್ಟ್ ಆಂಡ್ ಲಾಸ್ಟ್ ಆಂಡ್ ಆಲ್ವೇಸ್', ಆಮೇಲೆ 'ಸಮ್ ಗರ್ಲ್ಸ್ ವಾಂಡರ್ ಬೈ ಮಿಸ್ಟೇಕ್'. ಕೊನೆಯದರಲ್ಲಿ 1980ರಿಂದ 1983ರವರೆಗಿನ ಸಿಂಗಲ್‌ಗಳು, ಇ.ಪಿ.ಗಳು ಒಟ್ಟಿಗೆ ಸಿಗುವುದರಿಂದ ಹಳೆಯ ತಟ್ಟೆಗಳಿಗೆ ಹಣ ಸುರಿಯಬೇಕಾಗಿಲ್ಲ. 'ಫ್ಲಡ್‌ಲ್ಯಾಂಡ್' ಎಲ್‌ಪಿಯಲ್ಲಿ 'ಟಾರ್ಚ್' ಮತ್ತು 'ಕಲರ್ಸ್' ಇಲ್ಲ, ಸಿಡಿಯಲ್ಲಿ ಇವೆ. 2006ರ ಮರುಮುದ್ರಣದಲ್ಲಿ 'ನೆವರ್ ಲ್ಯಾಂಡ್' ಪೂರ್ತಿ ಉದ್ದದಲ್ಲಿದೆ, ಮುಂಚಿನವುಗಳಲ್ಲಿ ಅದರ ತುಣುಕು ಮಾತ್ರ.

1990ರ ನಂತರ ಹೊಸ ಆಲ್ಬಂ ಯಾಕಿಲ್ಲ?

ರೆಕಾರ್ಡ್ ಕಂಪನಿಯ ಜೊತೆ ವ್ಯಾಜ್ಯವಾಯಿತು. 1993ರ 'ಅಂಡರ್ ದ ಗನ್' ಸಿಂಗಲ್ ಮತ್ತು ಒಂದು ಸಂಕಲನದ ನಂತರ ಎಲ್ಡ್ರಿಚ್ ಮುಷ್ಕರ ಹೂಡಿದರು. ಒಪ್ಪಂದದ ಬಾಕಿ ತೀರಿಸಲು 1997ರಲ್ಲಿ ಎಸ್‌ಎಸ್‌ವಿ ಎಂಬ ಹೆಸರಿನಲ್ಲಿ, ಡ್ರಮ್ಸ್ ಇಲ್ಲದ ಎಲೆಕ್ಟ್ರಾನಿಕ್ ಧ್ವನಿಮುದ್ರಣವೊಂದನ್ನು ಒಪ್ಪಿಸಿದರು. ಕಂಪನಿ ಅದನ್ನು ಬಿಡುಗಡೆ ಮಾಡಲಿಲ್ಲ, ಬ್ಯಾಂಡ್ ಬಂಧನದಿಂದ ಹೊರಬಂತು. ಆಮೇಲೂ ಹಾಡು ಬರೆಯುವುದು ನಿಂತಿಲ್ಲ. 'ಸಮ್ಮರ್', 'ಕ್ರ್ಯಾಶ್ ಆಂಡ್ ಬರ್ನ್', 'ಆರ್ಮ್ಸ್' ಮುಂತಾದವನ್ನು ವೇದಿಕೆಯಲ್ಲಿ ನುಡಿಸುತ್ತಾರೆ, ಮುದ್ರಿಸಿ ಮಾರುವುದಿಲ್ಲ.

ಈಗ ಶೋಗೆ ಹೋದರೆ ಏನು ನಿರೀಕ್ಷಿಸಬೇಕು?

ಹೊಗೆ ದಟ್ಟವಾಗಿರುತ್ತದೆ, ಮುಖ ಕಾಣದಿದ್ದರೆ ಬೇಸರ ಬೇಡ. 90ರ ದಶಕದಿಂದ ವೇದಿಕೆಯಲ್ಲಿ ಬೇಸ್ ವಾದಕರಿಲ್ಲ, ಬೇಸ್ ಕೂಡ ಡಾಕ್ಟರ್ ಅವಲಾಂಚ್ ಯಂತ್ರಗಳಿಂದಲೇ ಬರುತ್ತದೆ. ಹಳೆಯ ಹಾಡುಗಳು ರೆಕಾರ್ಡಿನಲ್ಲಿ ಇರುವಂತೆ ಬರುವುದಿಲ್ಲ. ಎಲ್ಡ್ರಿಚ್ ಕಂಠ ಈಗ ಹೆಚ್ಚು ಒರಟು, ಮಿಶ್ರಣದಲ್ಲಿ ಕೆಲವೊಮ್ಮೆ ಹೂತುಹೋಗುತ್ತದೆ. ಸಭಾಂಗಣದ ಹಿಂಭಾಗದಲ್ಲಿ ಸೌಂಡ್ ಮಿಕ್ಸರ್ ಕೂತ ಜಾಗದ ಹತ್ತಿರ ನಿಂತರೆ ಮಾತು ಸ್ವಲ್ಪ ಬಿಡಿಸಿ ಕೇಳುತ್ತದೆ. ಮುಂದಿನ ಸಾಲಿನಲ್ಲಿ ಗಿಟಾರ್ ಆಂಪ್‌ಗಳು ಮತ್ತು ಸಬ್‌ವೂಫರ್ ಎರಡೇ. ಕಿವಿಗೆ ಪ್ಲಗ್ ಒಯ್ಯಿರಿ.